ಕ್ರಿಸ್‌ಮಸ್‌ಗೆ ಕುಂಡದ ಅರಾಕೇರಿಯಾ: ಉರುಳಿ ಕಾಂಚನ್ ಕಡೆಯ ಗಿಡ ಕೊಳ್ಳಬಹುದೇ?

ಪುಣೆ-ಸೋಲಾಪುರ ಹೆದ್ದಾರಿಯಲ್ಲಿ ಉರುಳಿ ಕಾಂಚನ್ ಸುತ್ತಮುತ್ತ ನರ್ಸರಿಗಳದೇ ಸಾಲು. ಸೋಲಾಪುರ, ಅಕ್ಕಲಕೋಟೆ ಕಡೆಯ ಮಾಲಿಗಳು ಸಿಕ್ಕರೆ ಕನ್ನಡದಲ್ಲೇ ಚೌಕಾಸಿ ನಡೆಯುತ್ತದೆ. ಪಿವಿಸಿ ಪ್ಲಾಸ್ಟಿಕ್ ಮರದ ಬದಲು ಜೀವಂತ ಗಿಡ ಬೇಕೆನ್ನುವವರಿಗೆ ಇಲ್ಲಿನ ಅರಾಕೇರಿಯಾ ಒಳ್ಳೆಯ ಆಯ್ಕೆ. ಇದು ಕ್ರಿಸ್‌ಮಸ್ ಮರದಂತೆ ಕಾಂಡದ ಸುತ್ತ ಹಂತ ಹಂತವಾಗಿ ಕೊಂಬೆ ಬಿಡುವ, ಪೆಸಿಫಿಕ್ ದ್ವೀಪಗಳ ಮರ. ಉಪ್ಪುಗಾಳಿ ತಡೆಯುವುದರಿಂದ ಮುಂಬೈ, ಗೋವಾಗಳಿಗೂ ಒಗ್ಗುತ್ತದೆ. ಆದರೆ ಬಾಲ್ಕನಿಯಾಗಲಿ, ಬೆಳಕಿನ ಕಿಟಕಿಯಾಗಲಿ ಇಲ್ಲದ ಫ್ಲ್ಯಾಟಿಗೆ ಖಂಡಿತ ಬೇಡ. ಮನೆಯಲ್ಲಿ ಈಗಾಗಲೇ ಪ್ಲಾಸ್ಟಿಕ್ ಮರವಿದ್ದರೆ ಅದನ್ನೇ ವರ್ಷ ವರ್ಷ ಬಳಸಿ. ಅದನ್ನು ಕಸಕ್ಕೆ ಹಾಕಿ ಹಸಿರು ಗಿಡ ತಂದರೆ ಪರಿಸರಕ್ಕೆ ಲಾಭವೇನೂ ಇಲ್ಲ.

ಎರಡೂವರೆ ಅಡಿ ಎತ್ತರ, ನಾಲ್ಕೈದು ಸುತ್ತು ಕೊಂಬೆ ಇದ್ದರೆ ಸಾಕು. ಕೊಳ್ಳುವಾಗ ಮೊದಲು ಬುಡ ನೋಡಿ. ದಟ್ಟವಾಗಿ ಕಾಣಲೆಂದು ಕೆಲವರು ಒಂದೇ ಕುಂಡದಲ್ಲಿ ಎರಡು ಮೂರು ಸಸಿ ನೆಟ್ಟಿರುತ್ತಾರೆ. ಬೆಳೆದಂತೆ ಅವು ಒಂದನ್ನೊಂದು ತಳ್ಳಿ ಬಾಗುತ್ತವೆ, ಬೇರು ಹೆಣೆದುಕೊಂಡಿರುವುದರಿಂದ ಬಿಡಿಸುವುದೂ ಕಷ್ಟ. ತುದಿಯ ಕುಡಿ ಮುರಿದಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ. ಆಮೇಲೆ ಆ ಅಂದದ ಆಕಾರ ಬರುವುದಿಲ್ಲ. ಕೆಳಗಿನ ಸುತ್ತು ಒಣಗಿ ಉದುರಿದ್ದರೂ ಅಷ್ಟೇ, ಅಲ್ಲಿ ಮತ್ತೆ ಕೊಂಬೆ ಒಡೆಯದು.

ಇಲ್ಲಿನ ಗಿಡದ ದೊಡ್ಡ ದೋಷ ಕುಂಡದ ಮಣ್ಣು. ಅಂಟು ಕೆಂಪು ಮಣ್ಣು ಒಣಗಿ ಇಟ್ಟಿಗೆಯಾಗಿರುತ್ತದೆ. ಹಾಕಿದ ನೀರು ಕುಂಡದ ಅಂಚಿನಿಂದ ಇಳಿದು ತಟ್ಟೆಗೆ ಬೀಳುತ್ತದೆ, ನಡುವಿನ ಬೇರಿಗೆ ತಲುಪುವುದೇ ಇಲ್ಲ. ಎಲೆ ಕಂದಾಗುವುದನ್ನು ಕಂಡು ಇನ್ನಷ್ಟು ನೀರು ಸುರಿದರೆ ತಳದ ಬೇರು ಕೊಳೆಯುತ್ತದೆ. ತಂದ ದಿನವೇ ಕುಂಡವನ್ನು ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಇಟ್ಟು, ಪೂರ್ತಿ ಬಸಿಯಿರಿ. ಮುಂದೆ ಮೇಲಿನ ಒಂದು ಅಂಗುಲ ಒಣಗಿದಾಗ ಮಾತ್ರ ನೀರು. ಹಬ್ಬ ಮುಗಿದ ಮೇಲೆ ಬೇರು ಹಿಡಿದ ಮಣ್ಣಿನ ಮುದ್ದೆ ಒಡೆಯದಂತೆ, ಎರಡು ಅಂಗುಲ ದೊಡ್ಡ ಕುಂಡಕ್ಕೆ ಬದಲಿಸಿ: ಎರಡು ಪಾಲು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಎರೆಗೊಬ್ಬರ.

ಮನೆಯೊಳಗೆ ಹತ್ತು ಹನ್ನೆರಡು ದಿನ ಸಾಕು, ಅದೂ ಕಿಟಕಿಯ ಬಳಿ, ಎಸಿ ಗಾಳಿ ತಾಗದ ಕಡೆ. ಕೊಂಬೆ ಮೃದು, ಅಲಂಕಾರದ ಗಾಜಿನ ಗುಂಡು ತೂಗಿದರೆ ಜೋತುಬೀಳುತ್ತದೆ. ಬಿಸಿಯಾಗದ ಎಲ್‌ಇಡಿ ಸರ ಒಂದು, ನೂಲಿನಲ್ಲಿ ಕಟ್ಟಿದ ಚಕ್ರಮೊಗ್ಗು, ದಾಲ್ಚಿನ್ನಿ ತುಂಡು, ಹಳೆ ಕಾಗದದ ನಕ್ಷತ್ರ ಇಷ್ಟೇ ಚೆಂದ. ಒಣಗಿಸಿದ ಕಿತ್ತಳೆ ಬಿಲ್ಲೆ ಪುಣೆಯ ಒಣಹವೆಗೆ ಸರಿ. ಮುಂಬೈಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹಿಮದಂತೆ ಕಾಣುವ ಸ್ಪ್ರೇ ಮಾತ್ರ ಹೊಡೆಯಲೇಬೇಡಿ, ಎಲೆಯ ಮೇಲೆ ಪದರ ಕಟ್ಟಿ ಬೆಳಕು ತಡೆಯುತ್ತದೆ.

ಜನವರಿಯಲ್ಲಿ ಹೊರಗಿಡುವಾಗ ಮೊದಲ ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು. ಏಪ್ರಿಲ್-ಮೇ ಮಧ್ಯಾಹ್ನದ ಬಿಸಿಲಿಗೆ ತುದಿ ಸುಡುತ್ತದೆ. ಹದಿನೈದು ದಿನಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ, ಇಲ್ಲವಾದರೆ ಗಿಡ ಬೆಳಕಿನತ್ತ ವಾಲುತ್ತದೆ. ಮಳೆಗಾಲಕ್ಕೆ ತಟ್ಟೆ ತೆಗೆದಿಡಿ. ವಸತಿ ಸೊಸೈಟಿಯ ಅಂಗಳದಲ್ಲಿ ನೆಡುವುದಾದರೆ ಗೋಡೆ, ವಿದ್ಯುತ್ ತಂತಿಗಳಿಂದ ದೂರ ನೆಡಿ. ನೆಲದಲ್ಲಿ ಇದು 20 ಮೀಟರ್ ದಾಟುವ ಮರ.