ಅಪ್‌ಡೇಟ್ ಬಂದರೂ ಸ್ಕ್ರಿಪ್ಟ್ ಕೆಡಬಾರದೆಂದರೆ: ರೀಪರ್

ಬಾಗಲಕೋಟೆ ಕಡೆ ಶ್ರೀಕೃಷ್ಣ ಪಾರಿಜಾತದ ಹಾಡು, ಹಾರ್ಮೋನಿಯಂ, ತಬಲಾ ಬೇರೆಬೇರೆ ಟ್ರ್ಯಾಕಿನಲ್ಲಿ ಹಿಡಿಯುವ ಸಣ್ಣ ಸ್ಟುಡಿಯೋಗಳಿಗೆ ರೀಪರ್ ಎಂಬ ಧ್ವನಿಮುದ್ರಣ ಸಾಫ್ಟ್‌ವೇರ್ ಹೇಳಿ ಮಾಡಿಸಿದ್ದು. ರಿಯಾಯಿತಿ ಲೈಸೆನ್ಸ್ 60 ಡಾಲರ್.

ಅದರಲ್ಲಿ ಕೆಲಸ ತಾನಾಗಿ ನಡೆಸುವ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಬರೆಯುವುದಾದರೆ ಲುವಾ ಭಾಷೆಯಲ್ಲೇ ಬರೆಯಿರಿ. ಅದು ಸಾಫ್ಟ್‌ವೇರಿನೊಳಗೇ ಬರುತ್ತದೆ. ಪೈಥಾನ್ ಭಾಷೆ ಹಾಗಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ವಿಂಡೋಸ್‌ನಲ್ಲಿ ಅದರ 3.11 ಆವೃತ್ತಿ ತೆಗೆದು 3.12 ಹಾಕಿದರೆ ಡಿಎಲ್‌ಎಲ್ (ರೀಪರ್ ಪೈಥಾನನ್ನು ಬಳಸಲು ಬೇಕಾದ ಲೈಬ್ರರಿ) ಫೈಲಿನ ಹೆಸರೇ ಬದಲಾಗುತ್ತದೆ, ಪ್ರಿಫರೆನ್ಸಸ್‌ನಲ್ಲಿ ಹಳೆಯ ಹೆಸರಿದ್ದರೆ ಒಂದು ಪೈಥಾನ್ ಸ್ಕ್ರಿಪ್ಟೂ ಓಡದು. ಎಸ್‌ಡಬ್ಲ್ಯುಎಸ್ ಎಕ್ಸ್‌ಟೆನ್ಶನ್ (ರೀಪರಿಗೆ ಹೆಚ್ಚುವರಿ ಫಂಕ್ಷನ್ ಕೊಡುವ ಸೇರ್ಪಡೆ) ಇಲ್ಲದ ಕಡೆ ಅದರ ಫಂಕ್ಷನ್ ಕರೆದರೆ ಲುವಾದಲ್ಲಿ ‘ನಿಲ್’ (ಅಂಥದ್ದು ಇಲ್ಲ) ಎರರ್ ಖಚಿತ. ಮೊದಲು ರೀಪರಿನದೇ ಫಂಕ್ಷನ್ ಎಪಿಐ‌ಎಕ್ಸಿಸ್ಟ್ಸ್‌ನಿಂದ ಅದು ಇದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಅಪ್‌ಡೇಟ್‌ಗೆ ಮುಂಚೆ ರಿಸೋರ್ಸ್ ಪಾತ್ (ಸೆಟ್ಟಿಂಗ್, ಸ್ಕ್ರಿಪ್ಟ್ ಇರುವ) ಫೋಲ್ಡರನ್ನು ಪೂರ್ತಿ ಕಾಪಿ ಮಾಡಿಡಿ. ಹೊಸ ಆವೃತ್ತಿ ಪೋರ್ಟಬಲ್ ಆಗಿ (ಸೆಟ್ಟಿಂಗ್ ತನ್ನ ಫೋಲ್ಡರಿನಲ್ಲೇ ಇಟ್ಟುಕೊಂಡು) ಬೇರೆ ಫೋಲ್ಡರಿನಲ್ಲಿರಲಿ. ಸ್ಕ್ರಿಪ್ಟ್ ಇಳಿಸಿ ಅಪ್‌ಡೇಟ್ ಮಾಡುವ ಎಕ್ಸ್‌ಟೆನ್ಶನ್ ರೀಪ್ಯಾಕ್‌ನಲ್ಲಿ ‘ಪಿನ್’ ಮಾಡಿದ (ಇದೇ ಆವೃತ್ತಿ ಇರಲಿ ಎಂದು ಗುರುತಿಸಿದ) ಸ್ಕ್ರಿಪ್ಟ್ ತಾನಾಗಿ ಬದಲಾಗದು, ನನಗೆ ಬಹಳ ಮೆಚ್ಚಿಗೆಯಾದ ಸೌಲಭ್ಯ ಇದೇ.