ಡೆಟ್ರಾಯಿಟ್‌ನ ಟೆಕ್ನೋ: 1988ರ ಸಂಕಲನ ಇವತ್ತಿಗೆ ಹೇಗೆ ಕೇಳುತ್ತದೆ?

ಅಮೆರಿಕದ ಡೆಟ್ರಾಯಿಟ್ ನಗರದ ಎಲೆಕ್ಟ್ರಾನಿಕ್ ಕುಣಿತದ ಹಾಡುಗಳ ‘ಟೆಕ್ನೋ! ದ ನ್ಯೂ ಡ್ಯಾನ್ಸ್ ಸೌಂಡ್ ಆಫ್ ಡೆಟ್ರಾಯಿಟ್’ ಸಂಕಲನವನ್ನು ಬ್ರಿಟಿಷ್ ಸಂಗೀತೋದ್ಯಮಿ ನೀಲ್ ರಷ್ಟನ್ 1988ರಲ್ಲಿ ಬ್ರಿಟನ್ನಿನ ಕೇಳುಗರಿಗಾಗಿ ತಂದರು. ಮೊದಲು ಶೀರ್ಷಿಕೆಯಲ್ಲಿ ‘ಹೌಸ್’ (ಶಿಕಾಗೋದಲ್ಲಿ ಹುಟ್ಟಿದ ಕುಣಿತದ ಸಂಗೀತ) ಎಂದೇ ಇತ್ತು. ಡೆಟ್ರಾಯಿಟ್‌ನ ಸಂಗೀತಗಾರ ಹುವಾನ್ ಆಟ್ಕಿನ್ಸ್ ‘ಟೆಕ್ನೋ ಮ್ಯೂಸಿಕ್’ ಎಂಬ ಹಾಡು ಕೊಟ್ಟ ಮೇಲೆ ಹೆಸರು ಬದಲಾಯಿತು, ಒಂದು ಪ್ರಕಾರಕ್ಕೇ ನಾಮಕರಣವಾಯಿತು.

ಇದರಲ್ಲಿ ಜನ ಕುಣಿದದ್ದು ಕೆವಿನ್ ಸಾಂಡರ್ಸನ್ ಅವರ ‘ಬಿಗ್ ಫನ್’ಗೆ. ಅದನ್ನು ಹಾಡಿದ ಪ್ಯಾರಿಸ್ ಗ್ರೇ ಕಂಠ ಈಗಲೂ ತಾಜಾ. ಆದರೆ ನಿಜವಾದ ಆಸ್ತಿ ಡೆರಿಕ್ ಮೇ ಅವರ ‘ಇಟ್ ಈಸ್ ವಾಟ್ ಇಟ್ ಈಸ್’: ಹಾಡುವವರಿಲ್ಲ, ತಂತಿವಾದ್ಯದಂಥ ಸಿಂಥಸೈಜರ್ ಸ್ವರಗಳು ಡ್ರಮ್ ಮೇಲೆ ತೇಲುತ್ತಾ ವಿಷಾದವನ್ನೂ ಕುಣಿಸುತ್ತವೆ. ಉಳಿದವೆಲ್ಲ ಇದೇ ಮಟ್ಟದವಲ್ಲ. ಕೆಲವು ಶಿಕಾಗೋ ಹೌಸ್‌ನ ನೆರಳಿನಿಂದ ಹೊರಬಂದೇ ಇಲ್ಲ.

ಫೋನ್ ಸ್ಪೀಕರಿನಲ್ಲಿ ಕೇಳಿ ‘ತೆಳು’ ಎನ್ನಬೇಡಿ. ತಾಳಕ್ಕೆ ‘ಧಬ್’ ಎನ್ನುವ ದೊಡ್ಡ ಕಿಕ್ ಡ್ರಮ್ಮಿನ ತೂಕ ಇರುವುದು 50–100 ಹರ್ಟ್ಸ್ ಸುತ್ತ. ಅಷ್ಟು ಕೆಳಗಿನ ಸದ್ದು ಆ ಪುಟ್ಟ ಸ್ಪೀಕರಿಗೆ ದಕ್ಕದು. ಒಳ್ಳೆಯ ಹೆಡ್‌ಫೋನ್ ಸಾಕು, ಕೆಳಸ್ವರ ಹೆಚ್ಚಿಸುವ ಬಾಸ್ ಬೂಸ್ಟ್ ಬೇಡ: ಕೆಳಸ್ವರದ ರಾಗವಾದ ಬಾಸ್‌ಲೈನೂ ಕಿಕ್ಕೂ ಕಲಸುಮೇಲೋಗರವಾಗುತ್ತವೆ. ಹಳೆಯ ಎಲ್‌ಪಿ ಕೊಳ್ಳುವವರು ಪ್ರತಿ ಬದಿಯ ಕೊನೆಯ ಹಾಡನ್ನು ಹಾಕಿಸಿ ನೋಡಿ. ಒಳಸುತ್ತು ಚಿಕ್ಕದಾದ್ದರಿಂದ ಅಷ್ಟೇ ಹೊತ್ತಿನ ಸದ್ದು ಗೀರಿನ ಕಡಿಮೆ ಉದ್ದದಲ್ಲಿ ಒತ್ತಾಗಿ ಕೂತಿರುತ್ತದೆ; ಸವೆತ ಮೊದಲು ಕೇಳಿಸುವುದು ಅಲ್ಲೇ, ಹೈ-ಹ್ಯಾಟ್ ತಾಳದ ತಟ್ಟೆ ‘ಸ್ಸ್’ ಎಂದು ಸೀಳಿದಂತೆ.