ಒಂದೇ ಚೊಂಬು, ನಾಲ್ಕು ಬಣ್ಣ

ಎಂಟನೇ ಕ್ಲಾಸಿನಿಂದ ಹತ್ತರವರೆಗೆ ಒಂದೇ ಹಿತ್ತಾಳೆ ಚೊಂಬನ್ನು ನಾನು ಹನ್ನೊಂದು ಸಲ ಬರೆದಿದ್ದೇನೆ. ಚೊಂಬು ನಮ್ಮ ಡ್ರಾಯಿಂಗ್ ಮೇಷ್ಟ್ರದ್ದು. ಮನೆಯಿಂದ ಬಟ್ಟೆ ಚೀಲದಲ್ಲಿ ತರುತ್ತಿದ್ದರು. ಸ್ಟೂಲಿನ ಮೇಲಿಟ್ಟು, ಪಕ್ಕಕ್ಕೆ ಎರಡು ಈರುಳ್ಳಿಯೋ ಒಂದು ಬಾಳೆಹಣ್ಣೋ ಇಟ್ಟು, ಹಿಂದಿನ ಬೆಂಚಿಗೆ ಒಂದು ಬಿಳಿ ಪಂಚೆ ಇಳಿಬಿಟ್ಟು “ಹ್ಞೂಂ, ಶುರು ಮಾಡಿ” ಅನ್ನುತ್ತಿದ್ದರು. ಬಾಳೆಹಣ್ಣು ಪೀರಿಯಡ್ ಮುಗಿಯುವವರೆಗೂ ಉಳಿದದ್ದು ನನಗೆ ನೆನಪಿಲ್ಲ.

ಈಗ ನಾನು ಸೆಕೆಂಡ್ ಪಿಯು ಸೈನ್ಸು. ತಮ್ಮ ಎಂಟನೇ ಕ್ಲಾಸಿಗೆ ಬಂದ, ಅದೇ ಹೈಸ್ಕೂಲು, ಅದೇ ಮೇಷ್ಟ್ರು. “ಅಕ್ಕಾ, ಡ್ರಾಯಿಂಗಿಗೆ ಯಾವ ಬಣ್ಣ ತಗೊಳ್ಳೋದು?” ಅಂತ ಮೊನ್ನೆ ಕೇಳಿದ. ಅಂಗಡಿಯವರನ್ನು ಕೇಳಿದರೆ ದೊಡ್ಡ ಡಬ್ಬಿ ತೋರಿಸುತ್ತಾರೆ, ಮೇಷ್ಟ್ರನ್ನು ಕೇಳಿದರೆ ಕಣ್ಣು ಮುಚ್ಚಿ ವಾಟರ್ ಕಲರ್ ಅನ್ನುತ್ತಾರೆ. ವಾಟರ್ ಕಲರ್, ಪೋಸ್ಟರ್ ಕಲರ್, ಆಯಿಲ್ ಪೇಸ್ಟಲ್ ಮೂರನ್ನೂ ನಾನು ಆ ಚೊಂಬಿನ ಮೇಲೆ ಪ್ರಯೋಗ ಮಾಡಿದ್ದೇನೆ. ನಾಲ್ಕನೆಯದು ಅಂಗಡಿಯಲ್ಲಿ ಸಿಗುವುದಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲೇ ಒಂದು ಮಾತು. ಯಾವುದರಲ್ಲಿ ಚಿತ್ರ ಚೆಂದ ಬರುತ್ತದೆ ಅನ್ನುವುದು ಇಲ್ಲಿನ ಲೆಕ್ಕವಲ್ಲ. ನಮ್ಮದು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲು. ಕ್ಲಾಸಿನಲ್ಲಿ 48 ಮಕ್ಕಳು, ಹೊರಗೆ ಒಂದು ನಲ್ಲಿ, ಪೀರಿಯಡ್ ಅಂದರೆ 40 ನಿಮಿಷ. ಹಾಜರಿ, ಶೀಟು ಹಂಚುವುದು, ಪೆನ್ಸಿಲ್ ಸ್ಕೆಚ್ಚು ಎಲ್ಲ ಕಳೆದರೆ ಬಣ್ಣಕ್ಕೆ ಉಳಿಯುವುದು ಇಪ್ಪತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿಂದ ಮಳೆ. ಈ ಇಪ್ಪತ್ತು ನಿಮಿಷ ಮತ್ತು ಆ ಮಳೆ, ಇವೆರಡನ್ನೂ ತಡೆದುಕೊಳ್ಳುವುದು ಯಾವುದು ಅನ್ನುವುದೇ ನನ್ನ ಪರೀಕ್ಷೆ.

ವಾಟರ್ ಕಲರ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ನಾನು ಅತಿ ಹೆಚ್ಚು ಬೈಸಿಕೊಂಡದ್ದು ಅದರಲ್ಲೇ. ಮೊದಲು ಕೊಂಡದ್ದು ಹನ್ನೆರಡು ಬಿಲ್ಲೆಯ ಕೇಕ್ ಡಬ್ಬಿ. ಬಿಲ್ಲೆ ಎಷ್ಟು ಗಟ್ಟಿ ಅಂದರೆ ಒದ್ದೆ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಬ್ರಷ್ಷಿನ ಕೂದಲೇ ಉದುರಿ ಶೀಟಿಗೆ ಅಂಟಿಕೊಳ್ಳುತ್ತಿತ್ತು. ಕೂದಲನ್ನು ಉಗುರಿನಿಂದ ತೆಗೆಯಲು ಹೋದರೆ ಅಲ್ಲೊಂದು ಗೀರು. ಒಂಬತ್ತನೇ ಕ್ಲಾಸಿಗೆ ಟ್ಯೂಬು ತಗೊಂಡೆ, ಅಲ್ಲಿಂದ ಬದುಕು ಸುಧಾರಿಸಿತು. ಎರಡರಲ್ಲೂ ಬಣ್ಣದ ಪುಡಿಯನ್ನು ಹಿಡಿದಿಡುವುದು ಜಾಲಿ ಜಾತಿಯ ಮರದ ಅಂಟೇ ಆದರೂ ಟ್ಯೂಬಿನದ್ದು ಬೆಣ್ಣೆ ಹಾಗೆ ಕರಗುತ್ತದೆ. ತಮ್ಮನಿಗೆ ಹೇಳಿದ್ದೇನೆ, ವಾಟರ್ ಕಲರೇ ಬೇಕೆಂದರೆ ಆರೇ ಟ್ಯೂಬ್ ತಗೋ, ಹನ್ನೆರಡು ಬಿಲ್ಲೆ ಬೇಡ.

ಆದರೆ ವಾಟರ್ ಕಲರ್‌ನ ನಿಜವಾದ ಕಷ್ಟ ಬಣ್ಣದ್ದಲ್ಲ, ಕಾಯುವುದರದ್ದು. ತೆಳುವಿನಿಂದ ಗಾಢಕ್ಕೆ ಹೋಗಬೇಕು. ಮೊದಲ ವಾಶ್, ಅಂದರೆ ನೀರು ನೀರಾಗಿ ಬಳಿದ ತೆಳು ಬಣ್ಣ, ಒಣಗದೆ ಎರಡನೆಯದನ್ನು ಇಟ್ಟರೆ ಅಂಚು ಸೀಳಿ ಹೂಕೋಸಿನ ಹಾಗೆ ಅರಳಿಕೊಳ್ಳುತ್ತದೆ. ಜುಲೈ ತಿಂಗಳ ಸಾಗರದಲ್ಲಿ ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ವಾಶ್ ಇಪ್ಪತ್ತು ನಿಮಿಷಕ್ಕೆ ಒಣಗುತ್ತದೆಯೇ? ನಾವು ಊದುತ್ತಿದ್ದೆವು, ನೋಟ್‌ಬುಕ್ಕಿನಿಂದ ಗಾಳಿ ಹಾಕುತ್ತಿದ್ದೆವು, ಒಬ್ಬ ಶೀಟನ್ನು ಬೆನ್ನಿಗೆ ಹಿಡಿದು ಮೈ ಬಿಸಿಗೆ ಒಣಗಿಸಲು ನೋಡಿ ಬಿಳಿ ಅಂಗಿಯ ಮೇಲೆ ಈರುಳ್ಳಿ ಮೂಡಿಸಿಕೊಂಡ. ಒಂದು ದಿನ ಬೆಲ್ ಹೊಡೆದದ್ದೇ ಮಾನಿಟರ್ 48 ಹಸಿ ಶೀಟುಗಳನ್ನು ಒಂದರ ಮೇಲೊಂದು ಪೇರಿಸಿ ಬೀರುವಿಗೆ ಹಾಕಿದ. ಮರುದಿನ ಬಿಡಿಸಿ ನೋಡಿದರೆ ನನ್ನ ಚೊಂಬಿನ ಹಳದಿ ಹೋಗಿ ಪಕ್ಕದವಳ ಬಾಳೆಹಣ್ಣಿಗೆ ಕೂತಿತ್ತು. ಅವಳಿಗೆ ಹತ್ತಕ್ಕೆ ಎಂಟು ಬಂತು, ನನಗೆ ಐದು. ಇವತ್ತಿಗೂ ಆ ಮೂರು ಮಾರ್ಕು ನನ್ನದೇ ಅಂತ ನನ್ನ ವಾದ.

ಮಾಮೂಲಿ ಡ್ರಾಯಿಂಗ್ ಶೀಟು ನೀರು ಕುಡಿದು ಹಪ್ಪಳದ ಹಾಗೆ ಉಬ್ಬುತ್ತದೆ, ಎರಡು ಸಲ ಉಜ್ಜಿದರೆ ಜುಂಗು ಏಳುತ್ತದೆ. 300 ಜಿಎಸ್‌ಎಂನ ದಪ್ಪ ಕಾಗದ ಚೆನ್ನಾಗಿ ತಡೆಯುತ್ತದೆ. ಅದರ ಒಂದು ಹಾಳೆಯ ದುಡ್ಡಿಗೆ ಮಾಮೂಲಿ ಶೀಟು ಒಂದು ಕಟ್ಟೇ ಬರುತ್ತದೆ ಅನ್ನುವುದೂ ನಿಜ. ನಾನು ಹುಡುಕಿದ ದಾರಿ ಅಂದರೆ ಶೀಟಿನ ನಾಲ್ಕು ಅಂಚನ್ನೂ ಪರೀಕ್ಷೆಯ ರಟ್ಟಿಗೆ ಟೇಪಿನಿಂದ ಬಿಗಿದು, ಪೂರ್ತಿ ಒಣಗಿದ ಮೇಲೆ ಮಾತ್ರ ಬಿಚ್ಚುವುದು.

ಇಷ್ಟೆಲ್ಲ ಕಾಟ ಕೊಟ್ಟರೂ ಅದನ್ನು ಬಿಡಲಾಗಲಿಲ್ಲ. ಒಂಬತ್ತನೆಯ ಕ್ಲಾಸಿನ ಡಿಸೆಂಬರ್‌ನಲ್ಲಿ, ಬಿಸಿಲು ಚೆನ್ನಾಗಿದ್ದ ಒಂದು ಬೆಳಿಗ್ಗೆ, ಚೊಂಬಿನ ನೆರಳಿಗೆ ನಾನು ಕಪ್ಪು ಕಲಸುತ್ತಿದ್ದೆ. ಮೇಷ್ಟ್ರು ಹಿಂದೆ ಬಂದು ನಿಂತು, “ಕಪ್ಪು ಎಲ್ಲಿ ಕಾಣ್ತು ನಿಂಗೆ? ತೋರ್ಸು ನೋಡಣ” ಅಂದರು. ಬಗ್ಗಿ ನೋಡಿದೆ. ಚೊಂಬಿನ ಹೊಟ್ಟೆಯಲ್ಲಿ ಕಪ್ಪು ಇರಲಿಲ್ಲ. ಮುಂದಿನ ಬೆಂಚಿನ ನಾಲ್ಕು ಹುಡುಗಿಯರ ನೀಲಿ ಯೂನಿಫಾರ್ಮು ಉದ್ದುದ್ದಕ್ಕೆ ಬಾಗಿ ಅಲ್ಲಿ ಕೂತಿತ್ತು. ಅದರ ಪಕ್ಕ ಕಿಟಕಿಯ ಸರಳುಗಳು, ಅವುಗಳ ನಡುವೆ ಹೊರಗಿನ ಹೊಂಗೆ ಮರದ ಹಸಿರು. ಕೆಳಗೆ, ಪಂಚೆಯ ಬಿಳಿ ತಾಗುವ ಕಡೆ, ತೆಳುವಾದ ಕಿತ್ತಳೆ. ಎರಡು ವರ್ಷದಿಂದ ನೋಡುತ್ತಿದ್ದ ಚೊಂಬು. ನಾನಂತೂ ನೋಡಿಯೇ ಇರಲಿಲ್ಲ. ಆ ನೀಲಿಯನ್ನು ಹಳದಿಯ ಮೇಲೆ ತೆಳ್ಳಗೆ ಎಳೆದಾಗ ಕೆಳಗಿನ ಹಳದಿ ಕಂಡೂ ಕಾಣದ ಹಾಗೆ ಒಂದು ಹಸಿರು ಹುಟ್ಟಿತು. ಈ ಕೆಲಸ ಮಿಕ್ಕ ಎರಡರಲ್ಲಿ ಆಗುವುದಿಲ್ಲ. ಒಂದರ ಮೇಲೊಂದು ಕಾಣಿಸುವುದು ವಾಟರ್ ಕಲರ್‌ಗೆ ಮಾತ್ರ ಬರುವ ವಿದ್ಯೆ.

ಬಿಳಿಯ ವಿಷಯವೂ ಹಾಗೇ. ಹೊಳಪು ಬೇಕಾದ ಕಡೆ ಕಾಗದವನ್ನು ಖಾಲಿ ಬಿಡಬೇಕು, ಅದನ್ನು ಮೊದಲೇ ತೀರ್ಮಾನ ಮಾಡಿರಬೇಕು. ಹತ್ತನೇ ಕ್ಲಾಸಿನ ಟೂರಿನಲ್ಲಿ ಮೈಸೂರಿನ ಜಗನ್ಮೋಹನ ಅರಮನೆಗೆ ಹೋದಾಗ ದೀಪ ಹಿಡಿದ ಮಹಿಳೆಯ ಚಿತ್ರದ ಮುಂದೆ ಎಲ್ಲರಂತೆ ನಾನೂ “ರವಿವರ್ಮನದ್ದು” ಅಂದೆ. ಅಲ್ಲ, ಅದು ಎಸ್. ಎಲ್. ಹಲ್ದಂಕರ್ ಅವರದ್ದು, ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು. ರವಿವರ್ಮನದ್ದಲ್ಲ ಅನ್ನುವುದಕ್ಕಿಂತ ಅದು ವಾಟರ್ ಕಲರ್ ಅನ್ನುವುದಕ್ಕೆ ನಾನು ಬೆಚ್ಚಿದೆ. ದೀಪಕ್ಕೆ ಅಡ್ಡ ಹಿಡಿದ ಕೈ, ಬೆರಳಿನ ಸಂದಿಯಲ್ಲಿ ಕೆಂಪಗೆ ಸೋಸುವ ಬೆಳಕು, ಮುಖದ ಮೇಲೆ ಅದರ ಕಾವು. ಆ ಬೆಳಕನ್ನು ಕೊನೆಯಲ್ಲಿ ಹಚ್ಚಲು ಬರುವುದಿಲ್ಲ, ಮೊದಲಿಂದಲೇ ಉಳಿಸಿಕೊಂಡು ಬಂದಿರಬೇಕು. ಚೊಂಬಿನ ಒಂದು ಹೊಳಪಿನ ಚುಕ್ಕೆ ಉಳಿಸಲು ಒದ್ದಾಡಿದವಳಿಗೆ ಅದರ ಮುಂದೆ ಕಾಲು ಕಿತ್ತಿಡಲು ಆಗಲಿಲ್ಲ. ಬಸ್ಸಿಗೆ ತಡವಾಯಿತು ಅಂತ ಟೀಚರ್ ಬೈದರು.

ಪೋಸ್ಟರ್ ಕಲರ್ ಬಗ್ಗೆ ಹೇಳುವುದು ಕಡಿಮೆ. ಅದು ಮಾರ್ಕಿನ ಬಣ್ಣ. ಡ್ರಾಯಿಂಗಿನ ಲೋಯರ್ ಗ್ರೇಡ್ ಪರೀಕ್ಷೆಗೆ ಕಟ್ಟಿದಾಗ ಡಿಸೈನ್ ಪೇಪರಿಗೆ ಕಣ್ಣು ಮುಚ್ಚಿ ಅದನ್ನೇ ಹಿಡಿದೆ, ಪಾಸೂ ಆದೆ. ಕೆಳಗಿನದ್ದನ್ನು ಮುಚ್ಚುವ ಬಣ್ಣ ಅದು. ತಪ್ಪಾದರೆ ಒಣಗಿಸಿ ಮೇಲೊಂದು ಕೈ ಬಳಿದರೆ ಸರಿ. ಹೊಳಪು ಬೇಕೇ, ಕೊನೆಗೆ ಬಿಳಿಯ ಒಂದು ಚುಕ್ಕೆ ಇಡು, ಮುಗಿಯಿತು. ಗೆರೆಯ ಅಂಚು ಚೂರಿಯಲ್ಲಿ ಕೊಯ್ದ ಹಾಗೆ ಬರುತ್ತದೆ. ತೊಂದರೆ ಮೂರು. ಒಂದು, ಕಲಸಿದ ಬಣ್ಣ ಅರ್ಧಕ್ಕೆ ಮುಗಿದರೆ ಅದೇ ಛಾಯೆ ಮತ್ತೆ ಬರುವುದಿಲ್ಲ. ಹಸಿಯಾಗಿದ್ದಾಗ ಒಂದು, ಒಣಗಿದ ಮೇಲೆ ಇನ್ನೊಂದು, ಆದ್ದರಿಂದ ಹೊಂದಿಸುವುದು ಇನ್ನೂ ಕಷ್ಟ. ಎರಡು, ಬಿಳಿ ಬಾಟಲಿ ಎಲ್ಲಕ್ಕಿಂತ ಮೊದಲು ಖಾಲಿ, ಉಳಿದ ಐದು ಹಾಗೇ ಕೂತಿರುತ್ತವೆ. ಮೂರು, ಮಳೆಗಾಲ. ಆಗಸ್ಟಿನಲ್ಲಿ ಮುಚ್ಚಳ ತೆಗೆದರೆ ಹಸಿರು ಬಣ್ಣದ ಮೇಲೆ ಬೂದು ಬೂಸ್ಟು, ಕೊಳೆತ ಮಜ್ಜಿಗೆಯ ವಾಸನೆ.

ಪೋಸ್ಟರ್‌ನಲ್ಲಿ ಬರೆದ ನನ್ನ ಚೊಂಬು ಪಾತ್ರೆ ಅಂಗಡಿಯ ಬೋರ್ಡಿನ ಮೇಲಿನ ಚೊಂಬಿನ ಹಾಗೆ ಬಂತು. ದೂರದಿಂದ ನೋಡಿದರೆ ಬಲು ಚೆಂದ. ನೀಲಿ ಯೂನಿಫಾರ್ಮು ಮಾತ್ರ ಅದರಲ್ಲಿ ಇರಲಿಲ್ಲ.

ಆಯಿಲ್ ಪೇಸ್ಟಲ್‌ಗೆ ನಾನು ಮಾಡಿದ ಅನ್ಯಾಯ ಒಪ್ಪಿಕೊಳ್ಳಬೇಕು. ಅದು ಪುಟ್ಟ ಮಕ್ಕಳ ಬಳಪ, ಹೈಸ್ಕೂಲಿಗೆ ಬಂದವರು ಮುಟ್ಟುವುದಲ್ಲ ಅಂತ ಎಂಟು, ಒಂಬತ್ತರಲ್ಲಿ ಜಂಬ. ಆಮೇಲೆ ಓದಿ ತಿಳಿದದ್ದು, ಅದು ಹುಟ್ಟಿದ್ದೇ ಶಾಲೆಯ ಮಕ್ಕಳಿಗಾಗಿ. ಜಪಾನಿನಲ್ಲಿ ಕನಾಯೆ ಯಾಮಾಮೋಟೊ ಎಂಬ ಚಿತ್ರಕಾರ 1919ರ ಹೊತ್ತಿಗೆ, ಮಕ್ಕಳು ಮಾದರಿ ಪುಸ್ತಕ ನೋಡಿ ನಕಲು ಮಾಡುವುದು ಬೇಡ, ಕಂಡದ್ದನ್ನು ತಾವೇ ಬರೆಯಲಿ ಅಂತ ಚಳವಳಿ ಶುರು ಮಾಡಿದ. ಸಕುರಾ ಕಂಪನಿ 1925ರಲ್ಲಿ ಕ್ರೇ-ಪಾಸ್ ಅನ್ನುವ ಹೆಸರಿನಲ್ಲಿ ಈ ಕಡ್ಡಿಗಳನ್ನು ತಂದದ್ದು ಅದೇ ಗಾಳಿಯಲ್ಲಿ. ದೊಡ್ಡವರ ಪೇಸ್ಟಲ್ ಬಂದದ್ದು ಅದಾದ ಮೇಲೆ, ಪಿಕಾಸೊ ಕೇಳಿದ ಅಂತ ಪ್ಯಾರಿಸಿನ ಬಣ್ಣದ ಅಂಗಡಿಯವರು ಮಾಡಿಕೊಟ್ಟಾಗ. ಅಂದರೆ ಇಲ್ಲಿ ಮಕ್ಕಳದ್ದೇ ಮೊದಲು.

ನೀರು ಬೇಡ, ಬ್ರಷ್ಷು ಬೇಡ, ನಲ್ಲಿಯ ಮುಂದೆ ಕ್ಯೂ ಬೇಡ, ಒಣಗಿಸುವ ತಲೆನೋವೂ ಇಲ್ಲ. 25 ಕಡ್ಡಿಯ ಡಬ್ಬಿ ತೆರೆದ ಕ್ಷಣದಿಂದ ಬೆಲ್ ಹೊಡೆಯುವವರೆಗೆ ಪೂರ್ತಿ ಇಪ್ಪತ್ತು ನಿಮಿಷ ಚಿತ್ರವೇ. ಹಳದಿಯ ಮೇಲೆ ಕಂದು ಉಜ್ಜಿ ಬೆರಳಿನಿಂದ ತೀಡಿದರೆ ಹಿತ್ತಾಳೆಯ ಮೈ ತಾನಾಗಿ ಬರುತ್ತದೆ. ಚೊಂಬಿನ ಕಂಠದ ಗೀರುಗಳನ್ನು ಕೈವಾರದ ಮುಳ್ಳಿನಿಂದ ಕೆರೆದು ತೆಗೆದೆ, ಅಡಿಯ ಹಳದಿ ಕೂದಲೆಳೆಯಷ್ಟು ಸಣ್ಣಗೆ ಕಂಡಿತು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಜಾಮಿಟ್ರಿ ಬಾಕ್ಸ್ ಪಕ್ಕದಲ್ಲೇ ಇತ್ತು ಅಷ್ಟೆ. ಇನ್ನೊಂದು ಆಟವಿದೆ. ಬಿಳಿ ಪೇಸ್ಟಲ್‌ನಿಂದ ಓರೆ ಗೆರೆ ಎಳೆದು ಮೇಲೆ ನೀಲಿ ವಾಶ್ ಬಿಟ್ಟರೆ ಮೇಣ ನೀರನ್ನು ತಳ್ಳಿ ಮಳೆ ಬೀಳುತ್ತದೆ.

ಕೆಟ್ಟದ್ದೂ ಉಂಟು. ಉಗುರಿನ ಸಂದಿಗೆ ಹೋದದ್ದು ಊಟದ ಹೊತ್ತಿಗೂ ಹೋಗುವುದಿಲ್ಲ. ಸಣ್ಣ ಮುಖ, ಸಣ್ಣ ಅಕ್ಷರ ಇದರಲ್ಲಿ ಆಗದ ಮಾತು. ಇದರಲ್ಲಿರುವ ಎಣ್ಣೆ ಎಂದಿಗೂ ಪೂರ್ತಿ ಒಣಗುವಂಥದ್ದಲ್ಲ, ಹಾಗಾಗಿ ನಡುವೆ ಬಟರ್ ಪೇಪರ್ ಇಡದೆ ಫೈಲ್ ಮುಚ್ಚಿದರೆ ಎದುರಿನ ಪುಟಕ್ಕೂ ಒಂದು ಚೊಂಬು. ಏಪ್ರಿಲ್ ಸೆಕೆಗೆ ಕಡ್ಡಿ ಮೆತ್ತಗಾಗಿ ಬೆರಳಿಗೇ ಮೆತ್ತುತ್ತದೆ. ಆದರೆ ಏಪ್ರಿಲ್‌ನಲ್ಲಿ ಶಾಲೆ ಎಲ್ಲಿರುತ್ತದೆ?

ನಾಲ್ಕನೆಯದು ಅಜ್ಜಿಯ ಬಣ್ಣ. ನಮ್ಮದು ದೀವರ ಮನೆ, ಚಿತ್ತಾರ ಬರೆಯುವ ಮಲೆನಾಡಿನ ಸಮುದಾಯ. ಭೂಮಿ ಹುಣ್ಣಿಮೆ ಹತ್ತಿರ ಬಂತೆಂದರೆ ಅಜ್ಜಿ, ಅವತ್ತು ಗದ್ದೆ ಪೂಜೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಮೇಲೆ ಚಿತ್ತಾರ ಬರೆಯಲು ಕೂರುತ್ತಾಳೆ. ಅಕ್ಕಿ ನೆನೆಹಾಕಿ ಅರೆದರೆ ಬಿಳಿ, ಹುರಿದು ಕರಕಲು ಮಾಡಿ ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಬ್ರಷ್ಷಿಗೆ ಪುಂಡಿ ನಾರು. ಒಂಬತ್ತನೇ ಕ್ಲಾಸಿನಲ್ಲಿ ಹಟ ಹಿಡಿದು ಎರಡು ಗರಟೆಯಲ್ಲಿ ಕೆಮ್ಮಣ್ಣು, ಅಕ್ಕಿ ಹಿಟ್ಟು ಶಾಲೆಗೆ ಒಯ್ದೆ. ಪಕ್ಕದವಳು “ಏನೇ ಮಾರಾಯ್ತಿ, ದೋಸೆ ಹೊಯ್ತೀಯಾ?” ಅಂದಳು.

ಶೀಟಿಗೆ ಕೆಮ್ಮಣ್ಣು ಬಳಿದು ಒಣಗಿಸುವುದರಲ್ಲೇ ಒಂದು ಪೀರಿಯಡ್ ಹೋಯಿತು. ಮುಂದಿನ ವಾರ ಬಿಳಿ. ಅಕ್ಕಿ ಹಿಟ್ಟಿನ ಗೆರೆ ಎಳೆದಾಗ ಏನೂ ಕಾಣುವುದಿಲ್ಲ, ಬರೀ ಒದ್ದೆ ಮಣ್ಣು. ಎಳೆದೆನೋ ಇಲ್ಲವೋ ಅಂತ ಮತ್ತೊಮ್ಮೆ ಎಳೆದೆ. ಐದು ನಿಮಿಷಕ್ಕೆ ಒಂದು ತುದಿಯಿಂದ ಬೆಳ್ಳಗಾಗುತ್ತಾ ಬಂತು, ನೋಡಿದರೆ ಎಲ್ಲ ಗೆರೆಯೂ ಜೋಡಿ ಜೋಡಿ. ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ, ಶೇಡಿಂಗ್ ಅಂತೂ ಇಲ್ಲವೇ ಇಲ್ಲ. ಚೊಂಬಿನ ಹೊಟ್ಟೆಯನ್ನು ನಾರು ಬಳಸಿಕೊಂಡು ಹೋಗಲು ಒಪ್ಪಲಿಲ್ಲ, ಕೊನೆಗೆ ಎರಡು ತ್ರಿಕೋನ ತುದಿಗೆ ತುದಿ ತಾಗಿಸಿ ಇಟ್ಟೆ. ಮೇಷ್ಟ್ರು ತುಂಬ ಹೊತ್ತು ನೋಡಿದರು. “ಚೆನ್ನಾಗಿದೆ. ಆದ್ರೆ ವಸ್ತು ಚಿತ್ರಕ್ಕೆ ಇದಕ್ಕೆ ಮಾರ್ಕ್ಸ್ ಹೆಂಗೆ ಕೊಡ್ಲಿ?” ಅಂದರು. ಅವರು ಹೇಳಿದ್ದು ಸರಿಯೇ, ಅದು ವಸ್ತು ಚಿತ್ರವಲ್ಲ. ಮನೆಗೆ ಒಯ್ಯುವಾಗ ಸುರುಳಿ ಸುತ್ತಿದ್ದಕ್ಕೆ ಮಣ್ಣೆಲ್ಲ ಚಕ್ಕೆ ಎದ್ದು ಚೀಲದ ತಳಕ್ಕೆ. ಬುಟ್ಟಿಗೆ, ಗೋಡೆಗೆ ಹೇಳಿ ಮಾಡಿಸಿದ್ದನ್ನು ನಾನು ಕಾಗದಕ್ಕೆ ಹಾಕಿದ್ದು ನನ್ನ ತಪ್ಪು.

ಅಜ್ಜಿ ಉಳಿದ ಚೂರನ್ನು ಬೆಳಕಿಗೆ ಹಿಡಿದು ನೋಡಿ, “ಚೊಂಬು ಅಂತ ಗೊತ್ತಾತದೆ. ಎಳೆ ಅಲ್ಲಾಡ್ಯದೆ” ಅಂದಳು. ನನ್ನ ವಾಟರ್ ಕಲರ್ ಚೊಂಬನ್ನೂ ತೋರಿಸಿದೆ. ಹೊಟ್ಟೆಯ ಮೇಲಿನ ನೀಲಿಗೆ ಬೆರಳಿಟ್ಟು, “ಇಲ್ಲಿ ಹುಳಿ ಹಾಕಿ ತಿಕ್ಕಿಲ್ಲ” ಅಂದಳು.

ಹಾಗಾದರೆ ತಮ್ಮನಿಗೆ ಏನು ಹೇಳಲಿ? ಗ್ರೇಡ್ ಪರೀಕ್ಷೆಗೆ ಪೋಸ್ಟರ್, ಅದರಲ್ಲಿ ಅನುಮಾನವಿಲ್ಲ. ಶಾಲೆಯ ಪೀರಿಯಡ್ಡಿಗೆ ಮೇಷ್ಟ್ರು ಏನೇ ಅನ್ನಲಿ ಆಯಿಲ್ ಪೇಸ್ಟಲ್, ದೀಪಾವಳಿ ಕಳೆಯುವವರೆಗಂತೂ ಅದೇ. ನನ್ನ ಆರು ಟ್ಯೂಬ್‌ಗಳನ್ನು ಕೊಡುವುದಿಲ್ಲ. ಭಾನುವಾರ ಫಿಸಿಕ್ಸ್ ಓದಿ ತಲೆ ಕೆಟ್ಟಾಗ ಅವು ನನಗೆ ಬೇಕು. ವಾಶ್ ಒಣಗುವವರೆಗೆ ಕಾಯಲು ಮನೆಯಲ್ಲಿ ಬೆಲ್ ಹೊಡೆಯುವವರಿಲ್ಲ.

ಪೇಸ್ಟಲ್ ಡಬ್ಬಿ ಕೊಟ್ಟು ಕಳಿಸಿದೆ. ಸಂಜೆ ಬಂದವನು, ಚೊಂಬಿನ ಹೊಟ್ಟೆಗೆ ಈಗ ಒಂದು ಗುಳಿ ಬಿದ್ದಿದೆ, ಯಾರೋ ಸ್ಟೂಲಿನಿಂದ ಬೀಳಿಸಿದ್ದಾರೆ ಅಂದ. ಗುಳಿಯೊಳಗೆ ಏನು ಕಾಣುತ್ತದೆ ಅಂತ ಕೇಳಿದೆ. ನೋಡಲಿಲ್ಲವಂತೆ. ಗುರುವಾರ ಮತ್ತೆ ಪೀರಿಯಡ್ ಇದೆ, ನೋಡಿಕೊಂಡು ಬರುತ್ತಾನಂತೆ.